ಕೇಳದೆ ಸಿಗಬೇಕು

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಹೆಂಗಸರ ಡಾಕ್ಟರು. ಇವತ್ತಿನ ಮಾತು ಶಾಲೆ ಮಕ್ಕಳಿಗೆ ಕೊಡುವ ಮುಟ್ಟಿನ ಪ್ಯಾಡ್ ಬಗ್ಗೆ. ದಯವಿಟ್ಟು ರೇಡಿಯೊ ಸಣ್ಣಗೆ ಮಾಡಬೇಡಿ. ಅಪ್ಪಂದಿರೂ ಕೇಳಲಿ, ಮೇಷ್ಟ್ರುಗಳೂ ಕೇಳಲಿ.

ನಮ್ಮ ಸರ್ಕಾರದ ಶುಚಿ ಯೋಜನೆ ಶುರುವಾಗಿದ್ದು 2013-14ರಲ್ಲಿ. ಸರ್ಕಾರಿ, ಅನುದಾನಿತ ಶಾಲೆಗಳ 10ರಿಂದ 18 ವರ್ಷದ ಹೆಣ್ಣುಮಕ್ಕಳಿಗೆ ಪ್ಯಾಡ್ ಪುಕ್ಕಟೆ. ಕೋವಿಡ್ ಕಾಲದಿಂದ ಕೆಲವು ವರ್ಷ ನಿಂತಿತ್ತು, ಮತ್ತೆ ಬಂತು. ಸಂತೋಷ. ಆದರೆ ಶಾಲೆಗೆ ಬಂದರೆ ಸಾಲದು. ಮಗುವಿಗೆ ಕೇಳದೆ ಸಿಗಬೇಕು.

ಒಂಬತ್ತನೇ ಕ್ಲಾಸಿನ ಒಂದು ಹುಡುಗಿ ನನ್ನ ಹತ್ತಿರ ಬಂದಿದ್ದಳು. ತೊಡೆಸಂದಿ ಸುಲಿದು ಕೆಂಪಾಗಿತ್ತು, ಕಾಲು ಅಗಲಿಸಿ ನಡೆಯುತ್ತಿದ್ದಳು. "ಪ್ಯಾಡ್ ಯಾವಾಗ ಹಾಕ್ಕೊಂಡೆ ಮಗಳೇ?" ಅಂದೆ. "ಏಳು ಗಂಟೆ ಬಸ್ಸಿಗೆ ಮುಂಚೆ." "ಬದಲಾಯಿಸಿದ್ದು?" "ಮನೆಗೆ ಬಂದ್ಮೇಲೆ, ಆರು ಗಂಟೆಗೆ." 11 ಗಂಟೆ! ನಾಲ್ಕು, ಹೆಚ್ಚೆಂದರೆ ಆರು ಗಂಟೆಗೊಮ್ಮೆ ಬದಲಾಯಿಸಬೇಕು. ಶಾಲೆಯಲ್ಲಿ ಕೊಡಲ್ವಾ ಅಂತ ಕೇಳಿದೆ. ತಲೆ ತಗ್ಗಿಸಿದಳು. "ಆಫೀಸ್ ರೂಮಿನ ಬೀರುನಲ್ಲಿದೆ ಮೇಡಂ. ಬೀಗದಕೈ ಸಾರ್ ಹತ್ರ."

ಮುಂದಿನ ವಾರ ನಾನೇ ಆ ಶಾಲೆಗೆ ಹೋದೆ. ಬೀರು ತುಂಬ ಪ್ಯಾಡ್, ಮೇಲೆ ಧೂಳು. "ಹೊರಗಿಟ್ಟರೆ ದುಂದು ಮಾಡ್ತಾರೆ" ಅಂದರು ಬೀಗದಕೈ ಇಟ್ಟುಕೊಂಡ ಸಾರ್. ನನಗೆ ಸಿಟ್ಟು ಬಂತು. ಅಲ್ಲೇ ಇದ್ದ ಒಬ್ಬ ಟೀಚರ್ ಮಾರನೆಯ ದಿನ ಮನೆಯಿಂದ ಮದುವೆ ತಾಂಬೂಲದ ಚೀಲ ತಂದು, ಪ್ಯಾಡ್ ತುಂಬಿ, ಹುಡುಗಿಯರ ಟಾಯ್ಲೆಟ್ಟಿನ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದರು. ಎರಡೇ ದಿನದಲ್ಲಿ ಚೀಲ ಖಾಲಿ! "ನೋಡಿದ್ರಾ?" ಅಂದರಂತೆ ಸಾರ್. ಆ ಟೀಚರ್ ಜಗ್ಗಲಿಲ್ಲ, ಮತ್ತೆ ತುಂಬಿಸಿದರು. ಮೂರನೆಯ ವಾರ ಚೀಲದಲ್ಲಿ ಅರ್ಧ ಹಾಗೇ ಉಳಿಯಿತು. ನಾಳೆ ಇರುತ್ತೋ ಇಲ್ಲವೋ ಅಂತ ಮೊದಲು ಎಲ್ಲರೂ ಬ್ಯಾಗಿಗೆ ಒಂದೊಂದು ಸೇರಿಸಿಕೊಂಡಿದ್ದರು, ಅಷ್ಟೇ. ದಿನಾ ಇರುತ್ತೆ ಅಂತ ಗೊತ್ತಾದ ಮೇಲೆ ಬೇಕಾದವಳು ಮಾತ್ರ ತೆಗೆದುಕೊಂಡಳು.

ಸಮಯ ಆಗಿಹೋಯಿತು. ಬೇಗ ಎರಡು ಮಾತು. ಹತ್ತು ಪ್ಯಾಡಿನ ಪೊಟ್ಟಣ ತಿಂಗಳಿಗೆ ಸಾಲದು. ಐದು ದಿನ, ದಿನಕ್ಕೆ ಮೂರು ಅಂದರೂ 15 ಆಯಿತಲ್ವಾ? ಟಾಯ್ಲೆಟ್ಟಿನಲ್ಲಿ ನೀರು ಇರಲಿ, ಮುಚ್ಚಳದ ಬಕೆಟ್ಟೂ ಇರಲಿ.

ಹೆಡ್‌ಮೇಷ್ಟ್ರೇ, ನಾಳೆ ಪ್ರಾರ್ಥನೆ ಮುಗಿದ ತಕ್ಷಣ ಆ ಬೀರು ತೆಗೆಸಿ. ತಾಂಬೂಲದ ಚೀಲ ಎಲ್ಲರ ಮನೆಯಲ್ಲೂ ಇರುತ್ತೆ. ನಮಸ್ಕಾರ.