ಟ್ರಂಕಿನಲ್ಲಿಟ್ಟ ಪಿಸ್ತೂಲು

(ಮುಧೋಳದ ಕಾನೂನು ಅರಿವು ಕಾರ್ಯಕ್ರಮದಲ್ಲಿ ವಕೀಲರೊಬ್ಬರು ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು.

ಮುಧೋಳದಲ್ಲಿ ನಿಂತು ಬಂದೂಕಿನ ಮಾತು ತೆಗೆದ ಮೇಲೆ ಹಲಗಲಿ ನೆನಪಾಗಲೇಬೇಕು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಹಲಗಲಿ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಆ ಲಾವಣಿ ಕೇಳಿ ಬೆಳೆದವರು ನಾವು. ಅದಕ್ಕೇ ಇರಬೇಕು, ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡು ಸಿಕ್ಕಿಬಿದ್ದ ಕೆಲವು ಕಕ್ಷಿದಾರರು ನನ್ನನ್ನೇ ಕೇಳುತ್ತಾರೆ: "ವಕೀಲ್ ಸಾಹೇಬ್ರ, ಜೀವಾ ಉಳಿಸ್ಕೊಳ್ಳಾಕ ಇಟ್ಕೊಂಡಿದ್ದೆ, ಅದ್ರಾಗ ತಪ್ಪೇನೈತ್ರಿ?"

ತಪ್ಪಿದೆ.

ಆತ್ಮರಕ್ಷಣೆ ದೊಡ್ಡ ಹಕ್ಕು, ಸುಳ್ಳಲ್ಲ. ಮೊದಲು ಐಪಿಸಿಯ, ಅಂದರೆ ಭಾರತೀಯ ದಂಡ ಸಂಹಿತೆಯ, 96ರಿಂದ 106ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರಲ್ಲಿದೆ. ಆದರೆ ಅದರ ಆಯುಷ್ಯ ಬಹಳ ಕಡಿಮೆ. ಅಪಾಯ ಎದುರಿಗೆ ಬಂದಾಗ ಹುಟ್ಟುತ್ತದೆ, ಅಪಾಯ ಹೋದಾಗ ಹೋಗುತ್ತದೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹುಟ್ಟುವುದೇ ಇಲ್ಲ. ಟ್ರಂಕಿನಲ್ಲಿ ಬಟ್ಟೆ ಸುತ್ತಿಟ್ಟ ಕಂಟ್ರಿ ಪಿಸ್ತೂಲು ದೀಪಾವಳಿಯಿಂದ ಯುಗಾದಿವರೆಗೂ ಅಲ್ಲೇ ಇರುತ್ತದೆ. ಅಷ್ಟು ತಿಂಗಳಲ್ಲಿ ಠಾಣೆಗೆ ಹೋಗಲು ಒಂದು ದಿನವೂ ಬಿಡುವಾಗಲಿಲ್ಲವೇ ಎಂದು ನ್ಯಾಯಾಧೀಶರು ಕೇಳಿದರೆ ನಾನೇನು ಹೇಳಲಿ?

ಒಬ್ಬ ರಾತ್ರಿ ಕಬ್ಬಿಗೆ ನೀರು ಹಾಯಿಸಲು ಹೋಗಿದ್ದಾನೆ ಎನ್ನಿ. ಪಿಸ್ತೂಲು ಹಿಡಿದು ಬಂದವನ ಕೈಯಿಂದ ಅದನ್ನು ಕಸಿದು, ಬೇರೆ ದಾರಿ ಕಾಣದೆ ಗುಂಡು ಹಾರಿಸುತ್ತಾನೆ. ಬಂದವನು ಸಾಯುತ್ತಾನೆ. ಇವನು ನೇರ ಠಾಣೆಗೆ ಹೋಗಿ ಪಿಸ್ತೂಲು ಒಪ್ಪಿಸಿದರೆ, ಇವನ ಪರ ನಾನು ಎದೆ ತಟ್ಟಿ ವಾದ ಮಾಡುತ್ತೇನೆ. ಆದರೆ 'ಅವನ ಕಡೆಯವರು ಬಂದಾರು' ಎಂದು ಅದನ್ನು ಮನೆಗೆ ಒಯ್ದು ಬಚ್ಚಿಟ್ಟರೆ? ಕೊಲೆ ಕೇಸಿನಲ್ಲಿ ಬಿಡುಗಡೆ ಆಗಬಹುದು, ಆಯುಧದ ಕೇಸು ಹಾಗೇ ಉಳಿಯುತ್ತದೆ. ಇವೆರಡೂ ಒಂದೇ ಅಂತ ಜನ ತಿಳಿದಿದ್ದಾರೆ. ಅಲ್ಲ. ಗುಂಡು ಹಾರಿಸಿದ್ದು ಒಂದು ಕ್ಷಣದ ಲೆಕ್ಕ, ಇಟ್ಟುಕೊಂಡಿದ್ದು ಅಷ್ಟೂ ದಿನಗಳ ಲೆಕ್ಕ.

ಸಂಜಯ್ ದತ್ ಕೇಸು ನಿಮಗೆಲ್ಲ ಗೊತ್ತು. ಮುಂಬೈ ಗಲಭೆ ಹೊತ್ತಿನಲ್ಲಿ ಮನೆಯವರ ರಕ್ಷಣೆಗೆ ಎಕೆ-56 ಇಟ್ಟುಕೊಂಡೆ ಎಂದಿದ್ದರು. ಭಯೋತ್ಪಾದನೆಯ ಆರೋಪದಿಂದ ಪಾರಾದರು. ಆಯುಧದ್ದು ಬಿಡಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ 6 ವರ್ಷದ ಶಿಕ್ಷೆಯನ್ನು 5 ವರ್ಷಕ್ಕೆ ಇಳಿಸಿತು, ಆದರೆ ಅಪರಾಧಿ ಎಂಬುದನ್ನು ಉಳಿಸಿತು.

ಇನ್ನೊಂದು ಮಾತಿದೆ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಆಯುಧ ತನ್ನಲ್ಲಿದೆ ಎಂಬ ಅರಿವು ಆರೋಪಿಗೆ ಇರಬೇಕು, ಆಗ ಮಾತ್ರ ಅಪರಾಧ. ನಾವು ವಕೀಲರು ಮೊದಲು ಹುಡುಕುವುದು ಇದನ್ನೇ. ಹಾಗೇ ಕೇಸು ನಡೆಸಲು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಇದೆಯಾ ಅಂತ ನೋಡುತ್ತೇವೆ. 'ಜೀವರಕ್ಷಣೆಗೆ ಇಟ್ಟುಕೊಂಡಿದ್ದೆ' ಎಂದು ಕೋರ್ಟಿನಲ್ಲಿ ಹೇಳಿದವನು ಅರಿವು ಇತ್ತೆಂದು ತಾನೇ ಒಪ್ಪಿದ ಹಾಗಾಯಿತು, ಅಲ್ವಾ? ಗುರಾಣಿ ಅಂತ ಹಿಡಿದದ್ದು ತನ್ನ ಕಾಲ ಮೇಲೇ ಬಿತ್ತು.

ಶಿಕ್ಷೆಯೂ ಸಣ್ಣದಲ್ಲ. 1959ರ ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ, ಲೈಸೆನ್ಸ್ ಇಲ್ಲದ ಸಾಮಾನ್ಯ ಬಂದೂಕಿಗೆ 2ರಿಂದ 5 ವರ್ಷ ಜೈಲು, ಮೇಲೆ ದಂಡ. ಎಕೆ-56ರಂಥ ನಿಷೇಧಿತ ಆಯುಧವಾದರೆ 7ರಿಂದ 14 ವರ್ಷ.

ಹೆದರಿಕೆ ನಿಜವೇ ಇದ್ದರೆ ಠಾಣೆಯಲ್ಲಿ ದೂರು ಬರೆಸಿ, ಲೈಸೆನ್ಸಿಗೆ ಅರ್ಜಿ ಹಾಕಿ. ನಿರಾಕರಿಸಿದರೆ ಮೇಲ್ಮನವಿ ಇದೆ, ಕಲಂ 18. ಬೆಳೆ ಕಾಯುವ ಬಂದೂಕಿಗೂ ಕಾಯ್ದೆಯಲ್ಲಿ ಜಾಗವಿದೆ. ಅದಕ್ಕೂ ಲೈಸೆನ್ಸ್ ಬೇಕು.

ಹಿಂದಿನ ಸಾಲಿನ ಕಾಕಾ ಆಗಲೇ ಕೈ ಎತ್ತಿದ್ದಾರೆ. ಹಂದಿ ಕಾಟದ ಪ್ರಶ್ನೆಯೇ ಇರಬೇಕು. ಕೇಳ್ರಿ ಕಾಕಾ.