ಮೂಳೆಯೊಳಗಿನ ಸ್ಕ್ರೂ ಸಡಿಲವಾಗದಂತೆ

ಕೇಳುಗರಿಗೆ ನಮಸ್ಕಾರ. ಮುರಿದ ಮೂಳೆಗೆ ಪ್ಲೇಟು, ಸ್ಕ್ರೂ ಹಾಕಿಸಿಕೊಂಡವರು ಕೆಲವು ತಿಂಗಳ ನಂತರ ಮತ್ತೆ ನೋವೆಂದು ಬಂದಾಗ, ಎಕ್ಸ್-ರೇಯಲ್ಲಿ ಸ್ಕ್ರೂವಿನ ಸುತ್ತ ತೆಳುವಾದ ಕಪ್ಪು ಗೆರೆಯೊಂದು ಕಾಣುವುದುಂಟು. ಸ್ಕ್ರೂವನ್ನು ಹಿಡಿದಿದ್ದ ಮೂಳೆಯೇ ಕರಗಿ ಹಿಂದೆ ಸರಿದಿದೆ ಎಂಬುದು ಆ ಗೆರೆಯ ಅರ್ಥ.

ಹೀಗಾಗುವುದಕ್ಕೆ ಎಷ್ಟೋ ಸಲ ಶಸ್ತ್ರಚಿಕಿತ್ಸೆಯ ದಿನವೇ ಬೀಜ ಬಿದ್ದಿರುತ್ತದೆ. ಕೊರೆಯುವಾಗ ಮೂಳೆ ಸುಮಾರು 47 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿ ಒಂದು ನಿಮಿಷ ಹಾಗೆಯೇ ಉಳಿದರೂ ಅಲ್ಲಿನ ಜೀವಕೋಶಗಳಿಗೆ ಹಾನಿಯಾಗುತ್ತದೆ. ಸತ್ತ ಮೂಳೆ ಸ್ಕ್ರೂವನ್ನು ಬಹುಕಾಲ ಹಿಡಿದಿರಲಾರದು. ಮೊಂಡಾದ ಡ್ರಿಲ್ ಬಿಟ್ ಕೊರೆಯುವುದಕ್ಕಿಂತ ಹೆಚ್ಚಾಗಿ ಉಜ್ಜುತ್ತದೆ, ಉಜ್ಜಿದಷ್ಟೂ ಬಿಸಿ ಏರುತ್ತದೆ. ಆದ್ದರಿಂದ ಹರಿತವಾದ ಬಿಟ್ ಬಳಸಿ, ತಣ್ಣನೆಯ ಸಲೈನ್ ಹನಿಸುತ್ತಾ, ನಡುನಡುವೆ ಬಿಟ್ ಹೊರತೆಗೆದು ಪುಡಿ ಒರೆಸಿ ಕೊರೆಯಬೇಕು. ಬಿಟ್ ಮೊಂಡಾಗಿದೆಯೆಂಬ ಅನುಮಾನ ಬಂದರೆ ಅದನ್ನು ಬದಲಿಸುವುದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ರಂಧ್ರದ ಅಳತೆಯೂ ತಪ್ಪಬಾರದು: 3.5 ಮಿಲಿಮೀಟರಿನ ಕಾರ್ಟಿಕಲ್ ಸ್ಕ್ರೂವಿಗೆ, ಅಂದರೆ ಮೂಳೆಯ ಗಟ್ಟಿ ಹೊರಪದರಕ್ಕೆ ಹಾಕುವ ಸ್ಕ್ರೂವಿಗೆ, ಸಾಮಾನ್ಯವಾಗಿ 2.5 ಮಿಲಿಮೀಟರಿನ ರಂಧ್ರ ಕೊರೆಯುತ್ತಾರೆ.

ಇನ್ನು ಬಿಗಿಯುವ ಹಂತ. ಸ್ಕ್ರೂವಿನ ತಲೆ ಪ್ಲೇಟಿಗೆ ಒರಗಿದೊಡನೆ ಕೈಗೆ ಗಟ್ಟಿ ತಡೆ ಸಿಗುತ್ತದೆ. ಅಲ್ಲಿಗೆ ನಿಲ್ಲಿಸದೆ ಇನ್ನೊಂದು ಸುತ್ತು ತಿರುಗಿಸಲು ಹೋದರೆ, ಮೂಳೆಯಲ್ಲಿ ಮೂಡಿದ್ದ ಥ್ರೆಡ್, ಅಂದರೆ ಸ್ಕ್ರೂ ಕಚ್ಚಿಕೊಳ್ಳುವ ಸುರುಳಿ ಗೀರು, ಕಿತ್ತುಹೋಗಿ ಸ್ಕ್ರೂ ತಡೆಯಿಲ್ಲದೆ ಸುಮ್ಮನೆ ತಿರುಗತೊಡಗುತ್ತದೆ. ಹಾಗಾದಾಗ ಅದನ್ನು ಅಲ್ಲಿಯೇ ಬಿಟ್ಟು ಗಾಯ ಮುಚ್ಚುವುದು ಸಲ್ಲದು. ಇನ್ನೂ ದಪ್ಪದ ಸ್ಕ್ರೂ ಹಾಕಬೇಕು, ಇಲ್ಲವೇ ಬೇರೆ ಜಾಗ ನೋಡಬೇಕು.

ವಯಸ್ಸಾದವರ ಟೊಳ್ಳು ಮೂಳೆಯಲ್ಲಿ ಈ ಎಚ್ಚರಿಕೆಗಳಷ್ಟೇ ಸಾಲುವುದಿಲ್ಲ. ಅಂಥಲ್ಲಿ ಸ್ಕ್ರೂವಿನ ತಲೆ ಪ್ಲೇಟಿನಲ್ಲೇ ಕಚ್ಚಿಕೊಳ್ಳುವ ಲಾಕಿಂಗ್ ಪ್ಲೇಟು ನೆರವಾಗುತ್ತದೆ. ಸ್ಕ್ರೂಗಳೂ ಪ್ಲೇಟೂ ಒಂದೇ ಚೌಕಟ್ಟಿನಂತೆ ಭಾರ ಹೊರುವುದರಿಂದ ಒಂದೊಂದೇ ಸ್ಕ್ರೂ ಕಿತ್ತುಬರುವುದು ಕಡಿಮೆ. ಬೆನ್ನುಮೂಳೆಯಲ್ಲಿ ಕೆಲವೊಮ್ಮೆ ಸ್ಕ್ರೂವಿನ ಸುತ್ತ ಮೂಳೆ ಸಿಮೆಂಟು ತುಂಬುವುದೂ ಇದೆ, ಆದರೆ ಅದು ಸೋರುವ ಅಪಾಯವನ್ನು ಮೊದಲೇ ತೂಗಿ ನೋಡಬೇಕು.

ಇಷ್ಟಾದರೂ, ಮುರಿತ ಕೂಡದೇ ಹೋದರೆ ಯಾವ ಸ್ಕ್ರೂವೂ ಕೊನೆಯವರೆಗೆ ತಾಳದು. ಧೂಮಪಾನ ಮೂಳೆ ಕೂಡುವುದನ್ನು ತಡಮಾಡುತ್ತದೆ, ಸೋಂಕು ಸ್ಕ್ರೂವಿನ ಸುತ್ತಲಿನ ಮೂಳೆಯನ್ನೇ ತಿನ್ನುತ್ತದೆ, ವೈದ್ಯರು ಹೇಳುವ ಮೊದಲೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿದರೆ ಪ್ರತಿ ಹೆಜ್ಜೆಯೂ ಸ್ಕ್ರೂವನ್ನು ಅಲುಗಿಸುತ್ತದೆ. ಗಾಯದಲ್ಲಿ ಕೀವು ಕಂಡರೆ, ಅಥವಾ ಕಡಿಮೆಯಾಗಿದ್ದ ನೋವು ಹೆಜ್ಜೆಯಿಟ್ಟಾಗ ಮರುಕಳಿಸಿದರೆ, ದಯವಿಟ್ಟು ಕಾಯಬೇಡಿ. ಹೋಗುವಾಗ ಶಸ್ತ್ರಚಿಕಿತ್ಸೆಯಾದ ಕೂಡಲೇ ತೆಗೆದ ಎಕ್ಸ್-ರೇಯನ್ನೂ ಜೊತೆಗೆ ಒಯ್ಯಿರಿ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗಲೇ ಆ ಕಪ್ಪು ಗೆರೆ ಹೊಸದಾಗಿ ಮೂಡಿದ್ದೇ ಎಂಬುದು ವೈದ್ಯರಿಗೆ ತಿಳಿಯುತ್ತದೆ.