ಅಂಗಳದ ಕ್ಯಾಮೆರಾಕ್ಕೆ ಬಂದ ನೆಂಟರು

(ಶಿವಮೊಗ್ಗದ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿದೆ. ಹಿಂದಿನ ಸಾಲಿಗೆ ಕೇಳಿಸದಿದ್ದರೆ ಕೈ ಎತ್ತಿ, ಸುಮ್ನೆ ತಲೆ ಆಡಿಸಬೇಡಿ.

ಬೋರ್ಡಿನ ಮೇಲೆ ನೆಟ್‌ವರ್ಕ್ ಸೆಕ್ಯುರಿಟಿ ಅಂತ ದೊಡ್ಡದಾಗಿ ಬರೆದಿದ್ದಾರೆ. ನಾನು ನಮ್ಮ ಮನೆಯ ಅಂಗಳದಿಂದ ಶುರು ಮಾಡುತ್ತೇನೆ.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಕೊಯ್ಲಿನ ಕಾಲದಲ್ಲಿ ಅಂಗಳದ ತುಂಬ ಬೇಯಿಸಿದ ಅಡಿಕೆ ಒಣಗುತ್ತಿರುತ್ತದೆ. ರೇಟು ಏರಿದ ಮೇಲೆ ಕಳ್ಳರ ಭಯವೂ ಏರಿತು. ಒಂದು ಕ್ಯಾಮೆರಾ ಹಾಕಿಸಿದೆವು. ಫಿಟ್ ಮಾಡಲು ಬಂದ ಹುಡುಗ, 'ಶಿವಮೊಗ್ಗದಿಂದಲೂ ಮೊಬೈಲಲ್ಲಿ ನೋಡಬೇಕಾ ಸಾರ್?' ಅಂದ. ಬೇಕು ಅಂದೆ. ಅವನು ರೂಟರಿನಲ್ಲಿ ಏನೋ ಒತ್ತಿ, ಹೊರಗಿನಿಂದ ಕ್ಯಾಮೆರಾಕ್ಕೆ ದಾರಿ ಬಿಟ್ಟು ಹೋದ. ಪಾಸ್‌ವರ್ಡ್ ಡಬ್ಬಿಯ ಮೇಲೆ ಅಚ್ಚಾಗಿದ್ದದ್ದೇ ಉಳಿಯಿತು. ಇದನ್ನೇ ಪಾಠ ಹೇಳುವ ನಾನು ಬದಲಾಯಿಸಲಿಲ್ಲ. ನಾಳೆ ಮಾಡಿದರಾಯಿತು ಅಂದುಕೊಂಡೆ, ಅಷ್ಟೆ.

ಮೂರನೇ ದಿನ ರೂಟರಿನ ಲಾಗ್, ಅಂದರೆ ಬಂದುಹೋದವರ ದಾಖಲೆ, ತೆಗೆದೆ. 23ನೇ ಪೋರ್ಟ್ ಬಡಿದವರ ಸಾಲು ಪರದೆ ತುಂಬ ಇತ್ತು. ಪೋರ್ಟ್ ಅಂದರೆ ನೆಟ್‌ವರ್ಕಿನಿಂದ ಯಂತ್ರದೊಳಗೆ ಹೋಗುವ ನಂಬರು ಹಾಕಿದ ಬಾಗಿಲು. ಅದು ಟೆಲ್ನೆಟ್‌ನ ಬಾಗಿಲು. ದೂರದಿಂದ ಒಂದು ಯಂತ್ರದೊಳಗೆ ಹೋಗಿ ಕೆಲಸ ಮಾಡುವ ಹಳೇ ಕಾಲದ ವ್ಯವಸ್ಥೆ, ಪಾಸ್‌ವರ್ಡ್ ಕೂಡ ಬೆತ್ತಲೆಯಾಗಿಯೇ ಹೋಗುತ್ತದೆ. ಬಡಿದವರಿಗೆ ನಮ್ಮ ಊರಿನ ಹೆಸರು ಗೊತ್ತಿರಲಿಕ್ಕಿಲ್ಲ. ಅಡಿಕೆಯೂ ಬೇಡ. ಬೇಕಿದ್ದದ್ದು ಕ್ಯಾಮೆರಾದೊಳಗಿನ ಪುಟ್ಟ ಕಂಪ್ಯೂಟರ್. ಕಳ್ಳನನ್ನು ನೋಡಲು ಹಾಕಿದ ಕ್ಯಾಮೆರಾಕ್ಕೇ ನೆಂಟರು ಬಂದಿದ್ದರು.

2016ರಲ್ಲಿ ಮಿರಾಯ್ ಅನ್ನುವ ಪ್ರೋಗ್ರಾಂ ಮಾಡಿದ್ದು ಇದನ್ನೇ. ಅದರಲ್ಲಿ ಭಾರೀ ಬುದ್ಧಿವಂತಿಕೆ ಏನೂ ಇರಲಿಲ್ಲ. ಕಂಪನಿಗಳು ಮೊದಲೇ ಹಾಕಿ ಕಳಿಸುವ ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಇತ್ತು, 60ಕ್ಕಿಂತ ತುಸು ಜಾಸ್ತಿ. ಸಿಕ್ಕ ಸಿಕ್ಕ ವಿಳಾಸದ ಬಾಗಿಲು ಬಡಿಯುವುದು, ಪಟ್ಟಿಯಿಂದ ಒಂದೊಂದೇ ಬೀಗದ ಕೈ ಹಾಕಿ ನೋಡುವುದು. ಹೀಗೆ ಲಕ್ಷಗಟ್ಟಲೆ ಕ್ಯಾಮೆರಾ, ರೂಟರುಗಳು ಅದರ ಕೈಗೆ ಬಂದವು. ಅದೇ ವರ್ಷ ಅಕ್ಟೋಬರ್ 21ರಂದು ಇಂಥ ಯಂತ್ರಗಳ ದಂಡು ಡೈನ್ ಅನ್ನುವ ಡಿಎನ್ಎಸ್ ಕಂಪನಿಯ ಮೇಲೆ ಬಿತ್ತು. ವೆಬ್‌ಸೈಟಿನ ಹೆಸರು ಹೇಳಿದರೆ ಅದರ ನಂಬರಿನ ವಿಳಾಸ ಹುಡುಕಿಕೊಡುವುದು ಡಿಎನ್ಎಸ್. ಅಮೆರಿಕದಲ್ಲಿ ಗಂಟೆಗಟ್ಟಲೆ ಟ್ವಿಟರ್, ನೆಟ್‌ಫ್ಲಿಕ್ಸ್ ಸರಿಯಾಗಿ ತೆರೆಯಲಿಲ್ಲ. ಮಿರಾಯ್ ಬರೆದವರು ಇಪ್ಪತ್ತರ ಆಸುಪಾಸಿನ ಮೂವರು ಹುಡುಗರು. ಶುರುವಾದದ್ದು ಮೈನ್‌ಕ್ರಾಫ್ಟ್ ಆಟದ ಸರ್ವರುಗಳ ಜಗಳದಿಂದ! ನೀವು ನಗ್ತಿದ್ದೀರಿ, ನಾನೂ ನಕ್ಕಿದ್ದೆ.

ನಮ್ಮ ಗದ್ದೆಗೆ ಹಂದಿ ನುಗ್ಗಿದರೆ ಅಪ್ಪ ಮೊದಲು ಬೇಲಿ ಕಟ್ಟಲು ಓಡುತ್ತಿರಲಿಲ್ಲ. ಹೆಜ್ಜೆ ಹುಡುಕುತ್ತಿದ್ದರು. ಯಾವ ಕಂಡಿಯಲ್ಲಿ ಬಂತು, ಒಂದೋ ನಾಲ್ಕೋ, ಹೋದದ್ದೂ ಅದೇ ದಾರಿಯಲ್ಲೋ. ಅದು ಗೊತ್ತಾದ ಮೇಲೆ ಎರಡು ಬಿದಿರಿನ ಗಳು ಸಾಕಾಗುತ್ತಿತ್ತು. ನಿಮ್ಮ ಸಿಲೆಬಸ್ ಬೇಲಿಯಿಂದ ಶುರುವಾಗುತ್ತದೆ. ಹೊರಗಿನ ಬಡಿತ ತಡೆಯುವ ಫೈರ್‌ವಾಲ್, ಮಾತನ್ನು ಗುಟ್ಟಿನ ಲಿಪಿಗೆ ತಿರುಗಿಸುವ ಎನ್‌ಕ್ರಿಪ್ಶನ್, ಆಮೇಲೆ ಇನ್ನೊಂದು. ಹೆಜ್ಜೆ ಕೊನೆಯ ಚಾಪ್ಟರಿನಲ್ಲಿ ಬರುತ್ತದೆ, ಅಷ್ಟು ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ. ಇದು ತಿರುವುಮುರುವು ಅಂತ ನನ್ನ ಅಭಿಪ್ರಾಯ.

ಹೊಸನಗರದ ಕಡೆಯವರು ಇದ್ದೀರಾ? ನಗರ ಅನ್ನುವ ಊರಿನ ಕೋಟೆ ನೋಡಿದ್ದೀರಲ್ಲ, ಅದೇ ಹಳೆಯ ಬಿದನೂರು. 1763ರಲ್ಲಿ ಹೈದರ್ ಅಲಿ ಬಿದನೂರಿನ ಮೇಲೆ ಬಂದಾಗ ಸುತ್ತ ದಟ್ಟ ಕಾಡು, ದಾರಿಯುದ್ದಕ್ಕೂ ಕಾವಲು. ನೇರ ನುಗ್ಗಿದ್ದರೆ ಎಷ್ಟು ದಿನ ಹಿಡಿಯುತ್ತಿತ್ತೋ. ಆದರೆ ಇಲ್ಲೇ ಕುಂಸಿಯಲ್ಲಿ ಸೆರೆಯಲ್ಲಿದ್ದ ಹಳೆಯ ಪ್ರಧಾನಿ ಲಿಂಗಣ್ಣ ಅವನಿಗೆ ಸಿಕ್ಕ. ಲಿಂಗಣ್ಣನಿಗೆ ಒಂದು ಗುಟ್ಟಿನ ದಾರಿ ಗೊತ್ತಿತ್ತು. ಮುಂದಿನ ಕಾವಲಿನ ಮೇಲೆ ದಾಳಿಯ ನಾಟಕ ನಡೆಯುತ್ತಿದ್ದಾಗಲೇ ಇನ್ನೊಂದು ತುಕಡಿ ಆ ದಾರಿಯಲ್ಲಿ ಊರೊಳಗೆ ಬಂದಿತ್ತು. ನಾನು ಕೆಲಸ ಮಾಡಿದ ಒಂದು ಆಫೀಸಿನಲ್ಲಿ, ಎರಡು ವರ್ಷದ ಹಿಂದೆ ಬಿಟ್ಟು ಹೋದವರ ವಿಪಿಎನ್ ಲಾಗಿನ್, ಅಂದರೆ ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಬರುವ ದಾರಿ, ಇನ್ನೂ ನಡೆಯುತ್ತಿತ್ತು. ಅದನ್ನು ನೋಡಿದ ದಿನ ನನಗೆ ಲಿಂಗಣ್ಣ ನೆನಪಾದ.

ಈಗ ಬಾಗಿಲು ಬಡಿಯುವುದು ಹೇಗೆ ಅಂತ ನೋಡೋಣ. ಮಲೆನಾಡಿನ ಒಂಟಿ ಮನೆಯ ಮುಂದೆ ನಿಂತು 'ಯಾರಾದ್ರೂ ಇದ್ದೀರಾ?' ಅಂತ ಕೂಗಿದರೆ ಮೂರರಲ್ಲಿ ಒಂದು ಆಗುತ್ತದೆ. ಒಳಗಿನಿಂದ 'ಬನ್ನಿ' ಅನ್ನುತ್ತಾರೆ. ಇಲ್ಲವೇ 'ಯಜಮಾನರಿಲ್ಲ, ಹೋಗಿ' ಅನ್ನುತ್ತಾರೆ. ಇಲ್ಲವೇ ಸದ್ದೇ ಇಲ್ಲ. ಎರಡು ಯಂತ್ರಗಳು ಮಾತು ಶುರು ಮಾಡುವ ಟಿಸಿಪಿ ಅನ್ನುವ ನಿಯಮದಲ್ಲೂ ಹೀಗೇ. ನೀವು 'ಇದ್ದೀರಾ?' ಅನ್ನುವ ಒಂದು ಪುಟ್ಟ ಪೊಟ್ಟಣ, ಸಿನ್ ಪ್ಯಾಕೆಟ್, ಕಳಿಸುತ್ತೀರಿ. 'ಬನ್ನಿ' ಅನ್ನುವ ಸಿನ್-ಆಕ್ ಬಂದರೆ ಪೋರ್ಟ್ ತೆರೆದಿದೆ. ರೀಸೆಟ್ ಬಂದರೆ ಮುಚ್ಚಿದೆ, ಆದರೆ ಮನೆಯಲ್ಲಿ ಜನ ಇದ್ದಾರೆ ಅಂತ ಗೊತ್ತಾಯಿತು. ಏನೂ ಬರದಿದ್ದರೆ ಹೆಚ್ಚಾಗಿ ನಡುವೆ ಫೈರ್‌ವಾಲ್ ಕೂತಿದೆ. ಎನ್‌ಮ್ಯಾಪ್ ಅನ್ನುವ ಟೂಲ್ 1997ರಿಂದ ಮಾಡುತ್ತಿರುವುದು ಇದನ್ನೇ, 65,535 ಪೋರ್ಟುಗಳಲ್ಲಿ ನೀವು ಹೇಳಿದಷ್ಟನ್ನು ಬಡಿದು ಬರುತ್ತದೆ. ನನ್ನ ಕ್ಯಾಮೆರಾವನ್ನು ಅದರಿಂದ ಬಡಿದು ನೋಡಿದಾಗಲೇ ತಿಳಿದದ್ದು, ನಾನು ಕೇಳಿದ್ದು ಒಂದು ಬಾಗಿಲು, ಆ ಹುಡುಗ ತೆರೆದದ್ದು ನಾಲ್ಕು.

ಇನ್ನೊಂದು ನನಗೆ ಬಹಳ ಇಷ್ಟವಾದದ್ದು, ಎಆರ್‌ಪಿ, ಒಂದು ವಿಳಾಸ ಯಾವ ಯಂತ್ರದ್ದು ಅಂತ ಕೇಳಿ ತಿಳಿಯುವ ನಿಯಮ. ನಿಮಗೆ ಇದು ತಕ್ಷಣ ಅರ್ಥವಾಗುತ್ತದೆ, ಯಾಕೆಂದರೆ ಇದು ಪ್ರಾಕ್ಸಿ ಹಾಜರಿ. ಹಾಸ್ಟೆಲಿನ ವೈಫೈನಲ್ಲಿ ನಿಮ್ಮ ಲ್ಯಾಪ್‌ಟಾಪ್ ಕೂಗುತ್ತದೆ, '192.168.1.1 ಯಾರು?' ಅದು ರೂಟರಿನ ವಿಳಾಸ. ರೂಟರ್ 'ನಾನು' ಅಂದು ತನ್ನ ಮ್ಯಾಕ್ ಅಡ್ರೆಸ್, ಅಂದರೆ ಯಂತ್ರದ ಗುರುತಿನ ನಂಬರ್, ಹೇಳಬೇಕು. ಆದರೆ ಹಿಂದಿನ ಬೆಂಚಿನಿಂದ ಇನ್ನೊಬ್ಬ 'ನಾನು ಸಾರ್' ಅಂದರೆ? ನಿಮ್ಮ ಲ್ಯಾಪ್‌ಟಾಪ್ ಮುಖ ನೋಡುವುದಿಲ್ಲ, ಬರೆದುಕೊಳ್ಳುತ್ತದೆ. ಎಷ್ಟೋ ಸಲ ಕೇಳದೇ ಇದ್ದಾಗಲೂ ಬರೆದುಕೊಳ್ಳುತ್ತದೆ. ಈ ನಿಯಮ ಬರೆದದ್ದು 1982ರಲ್ಲಿ. ನೆಟ್‌ವರ್ಕಿನಲ್ಲಿ ಇರುವವರೆಲ್ಲ ಪರಿಚಯದವರು ಅನ್ನುವ ಕಾಲ, ಗುರುತಿನ ಚೀಟಿ ಕೇಳುವ ಜಾಗವನ್ನೇ ಅದರಲ್ಲಿ ಇಟ್ಟಿಲ್ಲ. ಆಮೇಲೆ ನಿಮ್ಮ ಎಲ್ಲ ಮಾತೂ ಅವನ ಮೂಲಕವೇ ಹೋಗುತ್ತದೆ. ಮಾತನ್ನು ಗುಟ್ಟಾಗಿ ಸಾಗಿಸುವ ಎಚ್‌ಟಿಟಿಪಿಎಸ್ ಇದ್ದರೆ ಒಳಗಿನದು ಓದಲು ಆಗುವುದಿಲ್ಲ, ಆದರೆ ವೆಬ್‌ಸೈಟಿನ ಗುರುತಿನ ಚೀಟಿಯಾದ ಸರ್ಟಿಫಿಕೇಟ್ ಸರಿಯಿಲ್ಲ ಅಂತ ಬ್ರೌಸರ್ ಅಂದಾಗ ನೀವು 'ಪರವಾಗಿಲ್ಲ, ಮುಂದೆ ಹೋಗು' ಒತ್ತುತ್ತೀರಲ್ಲ, ಅವನು ಕಾಯುವುದು ಅದಕ್ಕೇ.

ಇದನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಹಿಡಿಯುವುದೂ ಬರುತ್ತದೆ. ಎಆರ್‌ಪಿ ಪಟ್ಟಿ ತೆಗೆಯಿರಿ. ರೂಟರಿಗೂ ಇನ್ಯಾವುದೋ ಲ್ಯಾಪ್‌ಟಾಪಿಗೂ ಒಂದೇ ಮ್ಯಾಕ್ ಅಡ್ರೆಸ್ ಕಂಡರೆ ಅಲ್ಲಿ ಏನೋ ನಡೆದಿದೆ. ಎರಡು ಹಾಜರಿ, ಒಂದೇ ಕೈಬರಹ! ನೆಟ್‌ವರ್ಕಿನ ಯಂತ್ರಗಳನ್ನು ಜೋಡಿಸುವ ಒಳ್ಳೆಯ ಸ್ವಿಚ್ಚುಗಳಲ್ಲಿ, ಯಾರಿಗೆ ಯಾವ ವಿಳಾಸ ಕೊಟ್ಟೆವು ಅನ್ನುವ ಡಿಎಚ್‌ಸಿಪಿ ಪುಸ್ತಕ ಇಟ್ಟುಕೊಂಡು ಸುಳ್ಳು ಉತ್ತರವನ್ನು ಎಸೆಯುವ ವ್ಯವಸ್ಥೆ ಇದೆ. ಎಷ್ಟೋ ಕಡೆ ಅದನ್ನು ಆನ್ ಮಾಡಿರುವುದಿಲ್ಲ, ಅದು ಬೇರೆ ಕಥೆ.

ಒಂದು ಎಚ್ಚರಿಕೆ, ಇದನ್ನು ನಗುತ್ತಾ ಹೇಳುವುದಿಲ್ಲ. ಹಾಸ್ಟೆಲ್ ವೈಫೈ ನಿಮ್ಮದಲ್ಲ. ಪಕ್ಕದ ಮನೆಯ ಕ್ಯಾಮೆರಾ ನಿಮ್ಮದಲ್ಲ. ಒಡೆಯರ ಒಪ್ಪಿಗೆ ಇಲ್ಲದೆ, ಕೆಟ್ಟ ಉದ್ದೇಶದಿಂದ ಒಳಗೆ ಕೈ ಹಾಕಿದರೆ ಐಟಿ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸುಮ್ನೆ ನೋಡೋಣ ಅಂತ ಮಾಡಿದೆ ಸಾರ್, ಅಂದರೆ ಕೇಸು ಬಿದ್ದುಹೋಗುತ್ತದೆ ಅಂದುಕೊಳ್ಳಬೇಡಿ. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಅನ್ನುವ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ತಾನೇ ಹರಡಿಕೊಳ್ಳುವ ಒಂದು ಪ್ರೋಗ್ರಾಂ ಬಿಟ್ಟ. ಹಾಳು ಮಾಡುವುದು ಅವನ ಉದ್ದೇಶವಾಗಿರಲಿಲ್ಲವಂತೆ. ಆದರೆ ಒಮ್ಮೆ ಹೊಕ್ಕ ಯಂತ್ರಕ್ಕೇ ಅದು ಮತ್ತೆ ಮತ್ತೆ ಹೊಕ್ಕಿತು, ಸಾವಿರಾರು ಯಂತ್ರಗಳು ಉಸಿರುಕಟ್ಟಿ ನಿಂತವು. ಕೋರ್ಟು ಅವನಿಗೆ ಮೂರು ವರ್ಷ ಪ್ರೊಬೇಶನ್, 400 ಗಂಟೆ ಸಮಾಜಸೇವೆ, ದಂಡ ಹಾಕಿತು. ಆಮೇಲೆ ಅವನು ಅಮೆರಿಕದ ಎಂಐಟಿಯಲ್ಲಿ ಪ್ರೊಫೆಸರ್ ಆದ. ಅದನ್ನು ಕೇಳಿ ಧೈರ್ಯ ಮಾಡಬೇಡಿ.

ಹಾಗಾದರೆ ಎಲ್ಲಿ ಕಲಿಯುವುದು? ಹಳೇ ಲ್ಯಾಪ್‌ಟಾಪ್ ಸಾಕು. ಅದರೊಳಗೆ ಎರಡು ವರ್ಚುವಲ್ ಯಂತ್ರ, ಅಂದರೆ ಸಾಫ್ಟ್‌ವೇರಿನಲ್ಲೇ ನಡೆಯುವ ಕಂಪ್ಯೂಟರ್, ಒಂದು ಬಡಿಯಲು, ಒಂದು ಬಡಿಸಿಕೊಳ್ಳಲು. ಪಕ್ಕದಲ್ಲಿ ನೆಟ್‌ವರ್ಕಿನ ಓಡಾಟ ತೋರಿಸುವ ವೈರ್‌ಶಾರ್ಕ್ ಅನ್ನುವ ಟೂಲ್ ತೆರೆದಿಟ್ಟು ಒಂದೊಂದು ಪ್ಯಾಕೆಟ್ಟನ್ನೂ ನೋಡಿ. ಬಡಿಯುವುದು ಹತ್ತು ನಿಮಿಷದ ಕೆಲಸ. ಲಾಗಿನಲ್ಲಿ ಅದರ ಹೆಜ್ಜೆ ಹುಡುಕಲು ಒಂದು ಸಂಜೆ ಬೇಕು. ಆ ಸಂಜೆಗೇ ನಾನು ಮಾರ್ಕ್ಸ್ ಕೊಡುವುದು.

ಪಕ್ಕದ ಲ್ಯಾಬಿನಲ್ಲಿ ನಮ್ಮ ಅಂಗಳದ ಕ್ಯಾಮೆರಾವನ್ನೇ ತಂದಿಟ್ಟಿದ್ದೇನೆ, ಜೊತೆಗೆ ಒಂದು ಹಳೇ ರೂಟರ್. ಇಂಟರ್ನೆಟ್‌ಗೆ ಜೋಡಿಸಿಲ್ಲ. ಪಾಸ್‌ವರ್ಡ್ ಮತ್ತೆ ಡಬ್ಬಿಯದ್ದನ್ನೇ ಹಾಕಿದ್ದೇನೆ. ಡಬ್ಬಿ ಮಾತ್ರ ಮನೆಯಲ್ಲಿದೆ. ಅದರ ಒಡೆಯ ನಾನು, ನಿಮಗೆಲ್ಲ ಒಪ್ಪಿಗೆ ಕೊಟ್ಟಿದ್ದೇನೆ. ಚಹಾ ಕುಡಿದು, ಕರೆಂಟು ಹೋಗುವ ಮೊದಲು ಬನ್ನಿ. ಮೊದಲು ಒಳಗೆ ಹೋದವರೇ ಆ ನಾಲ್ಕು ಬಾಗಿಲುಗಳನ್ನೂ ಮುಚ್ಚಿ ಬರಬೇಕು.